ನಾಲ್ಕನೇ ಪ್ರೆಸ್ಸಿನ ಜಾಲರಿ

ಮೂವತ್ತೆರಡು ವರ್ಷದ ಹಿಂದೆ ದೊಡ್ಡ ಯಜಮಾನರು ನನ್ನ ಅಮ್ಮನಿಗೆ ಒಂದು ಮಾತು ಕೊಟ್ಟರು. ಆಸ್ಪತ್ರೆಯಲ್ಲಿ. ಅಮ್ಮನ ಬಲಗೈಗೆ ಮೊಣಕೈವರೆಗೂ ಬಟ್ಟೆ ಸುತ್ತಿದ್ದರು. ಬಟ್ಟೆಯೊಳಗೆ ಮೂರು ಬೆರಳು ಇರಲಿಲ್ಲ. ಯಜಮಾನರು ಮಂಚದ ಕಬ್ಬಿಣ ಹಿಡಿದು ನಿಂತು ಹೇಳಿದರು: "ನೋಡು ಮಗಳೇ, ನೀನು ವಾಪಸ್ ಬರೋ ಹೊತ್ತಿಗೆ ಆ ನಾಲ್ಕನೇ ಪ್ರೆಸ್ಸಿಗೆ ಜಾಲರಿ ಹಾಕಿಸಿರ್ತೀನಿ. ಇನ್ನು ಯಾರ ಕೈಯೂ ಅದರೊಳಗೆ ಹೋಗಲ್ಲ. ಇದು ನನ್ನ ಮಾತು."

ನನಗೆ ಆಗ ಒಂಬತ್ತು ವರ್ಷ. ಮಂಚದ ಕಾಲಿಗೆ ಒರಗಿ ನೆಲದ ಮೇಲೆ ಕೂತಿದ್ದೆ. ಯಜಮಾನರು ಬಗ್ಗಿ ನನ್ನ ತಲೆ ಸವರಿ ಇನ್ನೊಂದು ಮಾತೂ ಕೊಟ್ಟರು. "ಇವಳು ದೊಡ್ಡವಳಾಗಲಿ. ಇವಳಿಗೆ ಕೆಲಸ ಖಾಯಂ."

ಈ ಎರಡನೇ ಮಾತನ್ನು ಉಳಿಸಿಕೊಂಡರು. ಯಾಕೆ ಉಳಿಸಿಕೊಳ್ಳುವುದಿಲ್ಲ? ಮೂರು ಬೆರಳು ತೆಗೆದುಕೊಂಡು ಹತ್ತು ಬೆರಳು ಪಡೆಯುವ ವ್ಯಾಪಾರ ಯಾರಿಗೆ ಬೇಡ? ಹದಿನೆಂಟು ತುಂಬಿದ ವಾರ ನನ್ನನ್ನು ಕರೆದು ನಾಲ್ಕನೇ ಪ್ರೆಸ್ಸಿನ ಸ್ಟೂಲಿನ ಮೇಲೆ ಕೂರಿಸಿದರು. ಜಾಲರಿ ಇರಲಿಲ್ಲ. ಇಪ್ಪತ್ಮೂರು ವರ್ಷ ಕೂತೆ. ಬರಲಿಲ್ಲ.

ನಮ್ಮ ಕಂಪನಿ ಮುಚ್ಚಳ ಮಾಡುತ್ತದೆ. ಡಬ್ಬಿ ಮಾಡುವುದಿಲ್ಲ. ಡಬ್ಬಿಯೊಳಗಿನ ಬಣ್ಣ ಮಾಡುವುದಿಲ್ಲ, ಬಿಸ್ಕತ್ತು ಮಾಡುವುದಿಲ್ಲ. ಬರೀ ತಗಡಿನ ಮುಚ್ಚಳ, ಪ್ರೆಸ್ಸಿನಲ್ಲಿ ಒತ್ತಿ. ಬೇರೆಯವರ ಡಬ್ಬಿಯ ಬಾಯಿ ಮುಚ್ಚಿ ಮುಚ್ಚಿ ಒಂದು ಮನೆತನ ಐವತ್ತು ವರ್ಷದಲ್ಲಿ ಎರಡು ಬಂಗಲೆ ಕಟ್ಟಿದೆ.

ಈ ವರ್ಷ ಐವತ್ತು ತುಂಬಿತು. ಹಾಗಾಗಿ ಪುಸ್ತಕ. ಕಂಪನಿಯ ಇತಿಹಾಸವಂತೆ. ದಪ್ಪ ರಟ್ಟು, ನುಣುಪು ಕಾಗದ, ಪುಟಕ್ಕೊಂದು ಫೋಟೋ. ಆ ಪುಸ್ತಕದ ಪ್ರಕಾರ ದೊಡ್ಡ ಯಜಮಾನರು ಬರಿಗೈಯಲ್ಲಿ ಶುರು ಮಾಡಿದರು. ಬರಿಗೈ ಎಂಬ ಮಾತು ನಾಲ್ಕು ಸಲ ಬರುತ್ತದೆ, ನನ್ನ ಮಗಳು ಎಣಿಸಿದ್ದಾಳೆ. ಜಾಗ ಮಾವನ ಮನೆಯದು. ದುಡ್ಡು ಮಾವನ ಮನೆಯದು. ಪ್ರೆಸ್ಸುಗಳು ಯಾರೋ ಮುಳುಗಿಹೋದವರ ಹರಾಜಿನಲ್ಲಿ ಮೂರು ಕಾಸಿಗೆ ಹಿಡಿದದ್ದು. ಇಷ್ಟೆಲ್ಲ ಹಿಡಿದಿದ್ದ ಕೈ ಬರಿಗೈ!

ಮೊದಲಿಗೆ ನಾಲ್ಕು ಪ್ರೆಸ್ಸು, ಏಳು ಜನ ಹೆಂಗಸರು. ಹೆಂಗಸರೇ ಯಾಕೆ ಅಂದರೆ ಬೆರಳು ಚುರುಕು, ಬಾಯಿ ಮಂದ. ಬಾಯಿಯ ವಿಷಯದಲ್ಲಿ ಯಜಮಾನರು ನನ್ನ ಅಮ್ಮನನ್ನು ಸರಿಯಾಗಿ ನೋಡಿರಲಿಲ್ಲ ಅಂತ ಕಾಣುತ್ತದೆ. ಆಮೇಲೆ ಮಗ ಬಂದ. ನಾವು ಅವನನ್ನು ನಡುವಿನವನು ಅನ್ನುತ್ತೇವೆ. ಅವನ ಕಾಲದಲ್ಲಿ ನಾಲ್ಕು ಪ್ರೆಸ್ಸು ಇಪ್ಪತ್ತೆರಡಾದವು, ಒಂದು ಶೆಡ್ಡು ಮೂರಾಯಿತು. ಮುಂದುಗಡೆ ಗಾಜಿನ ಆಫೀಸು ಎದ್ದಿತು. ಅದರೊಳಗೆ ಬಣ್ಣಬಣ್ಣದ ಮೀನಿನ ತೊಟ್ಟಿ. ಮೀನಿನ ನೀರು ಬದಲಿಸಲು ವಾರಕ್ಕೆ ಎರಡು ಸಲ ಒಬ್ಬ ಬರುತ್ತಾನೆ. ನಾವು ಕುಡಿಯುವ ನೀರಿನ ಡ್ರಮ್ಮು ತೊಳೆಯಲು ಯಾರೂ ಬರುವುದಿಲ್ಲ.

ನಡುವಿನವನ ಮಗ ಚಿಕ್ಕವನು. ಹೊರಗೆ ಎಲ್ಲೋ ಓದಿ ಬಂದ. ಬಂದವನೇ ನಮ್ಮನ್ನು ಕೆಲಸದವರು ಅನ್ನಬಾರದು, ಕುಟುಂಬ ಅನ್ನಬೇಕು ಎಂದು ಅಪ್ಪಣೆ ಮಾಡಿದ. ಗೇಟಿನಲ್ಲಿ ಬೋರ್ಡು ಬಂತು: ನಾವೆಲ್ಲ ಒಂದೇ ಕುಟುಂಬ. ಕುಟುಂಬದವರು ಸ್ಕ್ರ್ಯಾಪ್ ಹೋಗುವ ಹಿಂದಿನ ಗೇಟಿನಿಂದ ಬರಬೇಕು. ಸಂಜೆ ಹೋಗುವಾಗ ಕುಟುಂಬದವರನ್ನು ಸಾಲಾಗಿ ನಿಲ್ಲಿಸಿ ಮೈ ತಡವಿ ಬಿಡುತ್ತಾರೆ, ಮುಚ್ಚಳ ಕದ್ದಿದ್ದಾರಾ ಅಂತ. ಏಳನೇ ಪ್ರೆಸ್ಸಿನ ಜೋರುಬಾಯಿ ಒಂದು ದಿನ ತಡವುವವಳಿಗೆ ಕೇಳಿಯೇಬಿಟ್ಟಳು: "ಅಲ್ಲ ಕಣೇ, ಮುಚ್ಚಳ ಕದ್ಕೊಂಡು ಹೋಗಿ ಏನು ಮಾಡಲಿ? ಮನೇಲಿ ಡಬ್ಬಿ ಇದ್ದರೆ ತಾನೆ?"

ಕೆಲಸ ಹೇಳುತ್ತೇನೆ, ಕೇಳಿ. ಎಡಗೈಯಲ್ಲಿ ತಗಡಿನ ಬಿಲ್ಲೆ ತೆಗೆದು ಅಚ್ಚಿನ ಮೇಲೆ ಇಡಬೇಕು. ಕೈ ಹೊರಗೆ. ಗುಂಡಿ ಒತ್ತಬೇಕು. ಮೇಲಿನ ಅಚ್ಚು ಧಡ್ ಎಂದು ಬೀಳುತ್ತದೆ. ಮುಚ್ಚಳ ತೆಗೆದು ಬುಟ್ಟಿಗೆ. ಮತ್ತೆ ಬಿಲ್ಲೆ. ನಾಲ್ಕು ಸೆಕೆಂಡಿಗೆ ಒಂದು. ಗಂಟೆಗೆ ಒಂಬೈನೂರು. ಇಪ್ಪತ್ತೆರಡು ಪ್ರೆಸ್ಸು ಒಟ್ಟಿಗೆ ಬಡಿಯುವಾಗ ನೆಲ ಕಾಲಿನೊಳಗಿಂದ ಹತ್ತಿ ಹಲ್ಲಿಗೆ ಬರುತ್ತದೆ. ಬಿಲ್ಲೆಯ ಅಂಚು ಬ್ಲೇಡಿನ ಹಾಗೆ. ಬೆರಳ ತುದಿಯ ಚರ್ಮ ಗಟ್ಟಿಯಾಗುತ್ತದೆ, ಒಡೆಯುತ್ತದೆ, ಒಡೆದ ಕಡೆ ಎಣ್ಣೆ ಇಳಿಯುತ್ತದೆ. ಎರಡು ವರ್ಷದಲ್ಲಿ ಬಲಭುಜ ಎಡಕ್ಕಿಂತ ಕೆಳಗೆ ಬರುತ್ತದೆ. ಐದು ವರ್ಷದಲ್ಲಿ ಕಿವಿ ಹೋಗುತ್ತದೆ. ಮನೆಯಲ್ಲಿ ನಾನು ಮಾತಾಡಿದರೆ ಮಗಳು, "ಅಮ್ಮ, ನಾನು ಇಲ್ಲೇ ಇದ್ದೀನಿ, ಪಕ್ಕದ ಬೀದೀಲಿ ಅಲ್ಲ" ಅನ್ನುತ್ತಾಳೆ.

ಅಮ್ಮನ ಕಾಲದಲ್ಲಿ ಕಾಲಲ್ಲಿ ಒತ್ತುವ ಪೆಡಲು ಇತ್ತು. ಕೈಗೂ ಕಾಲಿಗೂ ಒಂದು ಕ್ಷಣ ಹೊಂದಾಣಿಕೆ ತಪ್ಪಿತು, ಬೆರಳು ಹೋಯಿತು. ಆಮೇಲೆ ಸರ್ಕಾರದ ಇನ್ಸ್‌ಪೆಕ್ಟರು ಬಂದು ಗಲಾಟೆ ಮಾಡಿದ ಮೇಲೆ ಪೆಡಲು ತೆಗೆದು ಎರಡು ಗುಂಡಿ ಇಟ್ಟರು. ಎಡಕ್ಕೊಂದು, ಬಲಕ್ಕೊಂದು. ಎರಡನ್ನೂ ಒಟ್ಟಿಗೆ ಒತ್ತಿದರೆ ಮಾತ್ರ ಅಚ್ಚು ಬೀಳಬೇಕು. ಎರಡೂ ಕೈ ಗುಂಡಿಯ ಮೇಲಿದ್ದರೆ ಅಚ್ಚಿನೊಳಗೆ ಯಾವ ಕೈ ಇರುತ್ತದೆ? ಒಳ್ಳೆಯ ಉಪಾಯ. ಆದರೆ ಹಾಗೆ ಮಾಡಿದರೆ ಗಂಟೆಗೆ ಐನೂರು ದಾಟುವುದಿಲ್ಲ. ಅದಕ್ಕೆ ಕಂಪನಿಯೂ ಒಂದು ಉಪಾಯ ಮಾಡಿತು. ಸೈಕಲ್ ಟ್ಯೂಬು ಕತ್ತರಿಸಿ ಪಟ್ಟಿ ಮಾಡಿ, ಎಡಗುಂಡಿಯನ್ನು ಒತ್ತಿದ ಹಾಗೇ ಬಿಗಿದು ಕಟ್ಟಿಬಿಟ್ಟಿತು. ಈಗ ಬಲಗೈ ಒತ್ತಿದರೆ ಸಾಕು, ಎಡಗೈ ಒಳಗೇ ಓಡಾಡಬಹುದು. ಇನ್ಸ್‌ಪೆಕ್ಟರು ಬರುವ ದಿನ ಸೂಪರ್‌ವೈಸರು ಇಪ್ಪತ್ತೆರಡು ಪಟ್ಟಿಯನ್ನೂ ಬಿಚ್ಚಿ ಒಂದು ಬಿಸ್ಕತ್ತಿನ ಡಬ್ಬಿಗೆ ಹಾಕಿಡುತ್ತಾನೆ. ಮರುದಿನ ಡಬ್ಬಿ ಹಿಡಿದು ಒಬ್ಬೊಬ್ಬರಿಗೂ ಹಂಚುತ್ತಾನೆ. ಮಕ್ಕಳಿಗೆ ಮಿಠಾಯಿ ಕೊಟ್ಟ ಹಾಗೆ.

ಆ ಸೂಪರ್‌ವೈಸರಿಗೆ ನಾವಿಟ್ಟ ಹೆಸರು ಗಡಿಯಾರ. ನಾವು ಕಕ್ಕಸಿಗೆ ಎದ್ದರೆ ಅವನು ಕೈ ಎತ್ತಿ ಟೈಮು ನೋಡುತ್ತಾನೆ.

ಬೆರಳು ಹೋದವರ ಮನೆಯ ಒಬ್ಬರಿಗೆ ಕೆಲಸ. ಇದು ನಮ್ಮಲ್ಲಿ ಪದ್ಧತಿ. ಎಲ್ಲೂ ಬರೆದಿಲ್ಲ, ಎಲ್ಲರಿಗೂ ಗೊತ್ತು. ಇಪ್ಪತ್ತೆರಡು ಜನರಲ್ಲಿ ಒಂಬತ್ತು ಮಂದಿ ಹೀಗೆ ಬಂದವರು. ಕೇಳಿದರೆ ಸಲೀಸಾಗಿ ಹೇಳುತ್ತೇವೆ. ನಾನು ಅಮ್ಮನ ಬೆರಳಲ್ಲಿ ಬಂದೆ. ಮೂರನೇ ಪ್ರೆಸ್ಸಿನವಳು ಅತ್ತೆಯ ಹೆಬ್ಬೆರಳಲ್ಲಿ ಬಂದಳು. ಜೋರುಬಾಯಿ ಅಕ್ಕನ ಅಂಗೈಯಲ್ಲಿ.

ನನ್ನ ಹತ್ತು ಬೆರಳೂ ಇವೆ. ಹಾಗಾಗಿ ನನ್ನ ಮಗಳಿಗೆ ಕೆಲಸ ಇಲ್ಲ. ಅವಳಿಗೆ ಹತ್ತೊಂಬತ್ತು. ಓದು ಮುಗಿಸಿ ಒಂದು ಅಂಗಡಿಯಲ್ಲಿದ್ದಳು, ಅಂಗಡಿ ಮುಚ್ಚಿತು. ಅವಳಪ್ಪ ಸತ್ತು ಆರು ವರ್ಷ. ಮನೆಯಲ್ಲಿ ಅಮ್ಮ, ನಾನು, ಅವಳು. ದುಡಿಯುವ ಕೈ ನನ್ನದೊಂದೇ, ಅದರಲ್ಲೂ ಭುಜ ಎತ್ತಲಾಗುವುದಿಲ್ಲ. ಮಗಳಿಗೆ ಏನಾದರೂ ನೋಡಿ ಎಂದು ಗಡಿಯಾರನನ್ನು ಕೇಳಿದ್ದೆ. ಅವನು ಹಲ್ಲು ಕಿರಿದು, "ಒಂದು ಬೆರಳು ಇಟ್ಟುಬಿಡು, ನಾಳೆನೇ ಕರ್ಕೊಂಡು ಬಾ" ಅಂದ.

ತಮಾಷೆಗೆ ಅಂದ. ಆ ವಾರವೆಲ್ಲ ಬಿಲ್ಲೆ ಇಡುವಾಗ ನಾನು ನನ್ನ ಎಡಗೈ ಕಿರುಬೆರಳನ್ನು ನೋಡಿದೆ. ಸುಳ್ಳು ಯಾಕೆ ಹೇಳಲಿ. ಅದಕ್ಕೆ ಅಂಥ ಕೆಲಸವೇನೂ ಇಲ್ಲವಲ್ಲ ಅಂತ ಅನ್ನಿಸಿತು.

ಅಷ್ಟರಲ್ಲಿ ಚಿಕ್ಕವನೇ ನನ್ನ ಸ್ಟೂಲಿನ ಹತ್ತಿರ ಬಂದ. ಕೈಯಲ್ಲಿ ಕರವಸ್ತ್ರ, ಎಣ್ಣೆಯ ವಾಸನೆಗೆ. ಜೊತೆಗೆ ಪುಸ್ತಕ ಬರೆಯುವ ಮೇಡಂ.

"ನಿಮ್ಮ ತಾಯಿ ಮೊದಲ ಏಳು ಜನದಲ್ಲಿ ಒಬ್ಬರಂತೆ! ಇದೇ ಯಂತ್ರವಂತೆ! ನಿಮಗೊಬ್ಬಳು ಮಗಳೂ ಇದ್ದಾಳಂತೆ!" ಎಂದ. ಅವನ ಕಾರ್ಖಾನೆಯಲ್ಲಿ ಮೊದಲ ಬಾರಿ ಏನೋ ಸಿಕ್ಕಿದ ಹಾಗೆ ಮಾತಾಡಿದ. "ನಮ್ಮದು ಮೂರು ತಲೆಮಾರು, ನಿಮ್ಮದು ಮೂರು ತಲೆಮಾರು. ಒಂದೇ ಯಂತ್ರ. ಮೇಡಂ, ಇದಕ್ಕೇ ಒಂದು ಅಧ್ಯಾಯ ಮಾಡಿ. ಕೊಟ್ಟ ಮಾತು ಅಂತ ಹೆಸರಿಡಿ. ಮಗಳಿಗೆ ಕೆಲಸದ ಪತ್ರ ನಾನೇ ಕೊಡ್ತೀನಿ. ಅದರ ಫೋಟೋ ಬರಲಿ."

ಹೀಗೆ ನನ್ನ ಮಗಳು ಫೋಟೋದಲ್ಲಿ ಬಂದಳು. ಬೆರಳು ಉಳಿಯಿತು.

ಮೇಡಂ ಅಮ್ಮನನ್ನು ಮಾತಾಡಿಸಲು ಮನೆಗೆ ಬಂದರು. ನಮ್ಮದು ಒಂದು ಕೋಣೆ, ಅದಕ್ಕೆ ಅಂಟಿಕೊಂಡ ಅರ್ಧ ಕೋಣೆ. ಮೇಡಂಗೆ ಕುರ್ಚಿ ಕೊಟ್ಟು ನಾವು ಮೂವರು ಮಂಚದ ಮೇಲೆ ಸಾಲಾಗಿ ಕೂತೆವು. ಮೇಡಂ ಒಳ್ಳೆಯವರೇ. ಚಪ್ಪಲಿ ಬಾಗಿಲಲ್ಲೇ ಬಿಟ್ಟು ಬಂದರು.

"ಅಜ್ಜಿ, ಆಗಿನ ಕಾಲದಲ್ಲಿ ಕೆಲಸ ಹೇಗಿತ್ತು?"

"ಬಡಿಯೋದು."

"ಯಜಮಾನರ ಬಗ್ಗೆ ಏನಾದರೂ ನೆನಪು?"

ಅಮ್ಮ ಬಲಗೈ ಎತ್ತಿ ತೋರಿಸಿದಳು. ಹೆಬ್ಬೆರಳು, ಕಿರುಬೆರಳು. ನಡುವೆ ಬೋಳು. "ಇದು ನೆನಪು. ಬರ್ಕೊಳ್ಳಿ."

ಮೇಡಂ ಬರೆದುಕೊಳ್ಳಲಿಲ್ಲ. ಪೆನ್ನಿನ ಮುಚ್ಚಳ ಹಾಕಿ ತೆಗೆದು ಮಾಡಿದರು. "ಅಪಘಾತ ಆಗಿತ್ತು ಅಂತ ಅವರು ನಂಗೆ ಹೇಳಿಲ್ಲ. ಐವತ್ತು ವರ್ಷದಲ್ಲಿ ಒಂದೂ ಅಪಘಾತ ಆಗಿಲ್ಲ ಅಂತ ಬರೆಸಿದ್ದಾರೆ."

"ಹೌದಾ? ಹಾಗಾದ್ರೆ ಬೆರಳು ನಾನೇ ಎಲ್ಲೋ ಇಟ್ಟು ಮರೆತಿರಬೇಕು" ಅಂದಳು ಅಮ್ಮ. "ಲೇ, ಮಂಚದ ಕೆಳಗೆ ನೋಡೇ."

ಮಗಳು ಕಿಸಕ್ಕನೆ ನಕ್ಕಳು. ನನಗೆ ಸಿಟ್ಟು ಬಂತು. ಕೆಲಸದ ಪತ್ರ ಇನ್ನೂ ಕೈಗೆ ಬಂದಿರಲಿಲ್ಲ. "ಅಮ್ಮ, ಬಾಯಿ ಮುಚ್ಕೊಂಡು ಇರ್ತೀಯಾ" ಅಂದೆ. ಅಮ್ಮ ನನ್ನನ್ನು ನೋಡಿದ ನೋಟ ಇವತ್ತಿಗೂ ನನಗೆ ಬೇಡ. ಆಮೇಲೆ ಮೇಡಂ ಕೇಳಿದ್ದಕ್ಕೆಲ್ಲ ಅವಳು "ಹ್ಞೂಂ, ಒಳ್ಳೆಯವರು. ಹ್ಞೂಂ, ದೇವರಂಥವರು" ಎನ್ನುತ್ತ ಹೋದಳು. ಹೊರಡುವ ಮುಂಚೆ ಮಾತ್ರ ಮೇಡಂನ ಕೈ ಹಿಡಿದು ಹೇಳಿದಳು: "ಜಾಲರಿ ಹಾಕಿಸ್ತೀನಿ ಅಂದಿದ್ರು. ಆ ಮಾತು ಏನಾಯ್ತು ಅಂತ ಒಂದು ಸಲ ಕೇಳಿ. ನಾಲ್ಕನೇದಕ್ಕೆ. ಈಗ ಈ ಹುಡುಗಿ ಅಲ್ಲೇ ತಾನೆ ಕೂರೋದು?"

ಮೇಡಂ ಕೇಳಿದರು. ಅದು ಅವರ ಒಳ್ಳೆಯತನ. ಚಿಕ್ಕವನಿಗೆ ಅದು ಬಹಳ ಹಿಡಿಸಿತು. ಅದು ಅವನ ಬುದ್ಧಿ.

ಫೋಟೋ ಶನಿವಾರ. ಎರಡು ದಿನ ಮುಂಚೆ ಪ್ರೆಸ್ಸುಗಳಿಗೆಲ್ಲ ಹಸಿರು ಬಣ್ಣ ಬಳಿದರು. ಹಸಿರಿನ ಮೇಲೆ ಕಪ್ಪು ಪಟ್ಟಿ ಕೆಟ್ಟದಾಗಿ ಕಾಣುತ್ತದೆಂದು ಗಡಿಯಾರ ಎಲ್ಲವನ್ನೂ ಬಿಚ್ಚಿ ಡಬ್ಬಿಗೆ ಹಾಕಿದ. ಶನಿವಾರ ಬೆಳಿಗ್ಗೆ ನಾನು ಒಳಗೆ ಹೋದಾಗ ನಾಲ್ಕನೇ ಪ್ರೆಸ್ಸಿನ ಮುಂದೆ ಫಿಟ್ಟರಣ್ಣ ಮಂಡಿಯೂರಿ ಕೂತು ಬೋಲ್ಟು ಬಿಗಿಯುತ್ತಿದ್ದ.

ಜಾಲರಿ.

ಹಳದಿ ಬಣ್ಣದ್ದು. ಬಾಗಿಲ ಹಾಗೆ ಮೇಲೆ ಕೆಳಗೆ ಜಾರುತ್ತಿತ್ತು. ಬಿಲ್ಲೆ ಇಟ್ಟು ಕೈ ತೆಗೆದು ಬಾಗಿಲು ಇಳಿಸಿದರೆ ಮಾತ್ರ ಅಚ್ಚು ಬೀಳುತ್ತದೆ; ಇಳಿಸಿದ ಮೇಲೆ ಒಂದೇ ಗುಂಡಿ ಸಾಕು. ಬಾಗಿಲು ತೆರೆದಿದ್ದರೆ, ನೀವು ಗುಂಡಿಯ ಮೇಲೆ ಹತ್ತಿ ಕುಣಿದರೂ ಬೀಳುವುದಿಲ್ಲ. ಫಿಟ್ಟರಣ್ಣ ತೋರಿಸಿಕೊಟ್ಟ. ನಾನು ಒಂದು ಗಂಟೆ ನಡೆಸಿದೆ. ಆರುನೂರ ನಲವತ್ತು ಮುಚ್ಚಳ ಬಂತು. ಇಪ್ಪತ್ಮೂರು ವರ್ಷದಲ್ಲಿ ಮೊದಲ ಸಲ ಅಚ್ಚು ಬೀಳುವಾಗ ನನ್ನ ಹೊಟ್ಟೆ ಬಿಗಿಯಲಿಲ್ಲ. ಅಲ್ಲಿಯವರೆಗೆ ಬಿಗಿಯುತ್ತಿತ್ತು ಅಂತಲೂ ನನಗೆ ಗೊತ್ತಿರಲಿಲ್ಲ.

ಹನ್ನೊಂದಕ್ಕೆ ಅವರೆಲ್ಲ ಬಂದರು. ನಡುವಿನವನು, ಅವನ ಹೆಂಡತಿ, ಚಿಕ್ಕವನು, ಫೋಟೋದವನು. ಗೋಡೆಗೆ ದೊಡ್ಡ ಯಜಮಾನರ ಚಿತ್ರ ತಂದು ಒರಗಿಸಿದರು. ಅಮ್ಮನಿಗೆ ಒಂದು ಹೊಸ ಶಾಲು ಹೊದಿಸಿ ಕುರ್ಚಿಯಲ್ಲಿ ಕೂರಿಸಿದರು. ನಾನು ಹಿಂದೆ. ಮಗಳು ಸ್ಟೂಲಿನ ಮೇಲೆ.

"ಅಜ್ಜಿ, ಬಲಗೈ ಶಾಲಿನೊಳಗೆ ಇಟ್ಕೊಳ್ಳಿ" ಅಂದ ಫೋಟೋದವನು.

"ಸೆಖೆ ಕಣಪ್ಪ."

"ಒಂದೇ ನಿಮಿಷ."

ನಡುವಿನವನ ಹೆಂಡತಿ ಬಂದು ತಾನೇ ಅಮ್ಮನ ಕೈ ಎತ್ತಿ ಶಾಲಿನೊಳಗೆ ತುರುಕಿದಳು. ತುರುಕಿ ತನ್ನ ಕೈ ಒರೆಸಿಕೊಂಡಳು. ಅಮ್ಮ ಮತ್ತೆ ಹೊರಗೆ ತೆಗೆದಳು. ಅವಳು ಮತ್ತೆ ತುರುಕಿದಳು. ಮೂರನೇ ಸಲ ಅಮ್ಮ ಗಟ್ಟಿಯಾಗಿ ಅಂದಳು, ಶೆಡ್ಡಿಗೆಲ್ಲ ಕೇಳುವ ಹಾಗೆ: "ಮೂರು ಬೆರಳು ನಿಮ್ಮ ಮನೆಯವರ ಹತ್ರ ಇದೆ. ಉಳಿದ ಎರಡಕ್ಕಾದ್ರೂ ಗಾಳಿ ಆಡಲಿ ಬಿಡಮ್ಮ."

ಏಳನೇ ಪ್ರೆಸ್ಸಿನಿಂದ ಜೋರುಬಾಯಿ "ಹೋ" ಅಂದಳು. ಫೋಟೋದವನು ಕೊನೆಗೆ ಎದೆಯಿಂದ ಮೇಲೆ ಮಾತ್ರ ತೆಗೆಯುತ್ತೇನೆ ಎಂದ. ಚಿಕ್ಕವನು ಮಗಳಿಗೆ ಪತ್ರ ಕೊಟ್ಟ, ನಕ್ಕ, ಕೊಟ್ಟ, ನಕ್ಕ. ಆರು ಸಲ ಕೊಟ್ಟ. ಜಾಲರಿಯ ಮೇಲೆ ಕೈ ಇಟ್ಟು ಒಂದು ಫೋಟೋ ತೆಗೆಸಿಕೊಂಡ. ಪುಸ್ತಕದಲ್ಲಿ ಅದರ ಕೆಳಗೆ ಹೀಗೆ ಅಚ್ಚಾಗಿದೆ: ಮೊದಲ ದಿನದಿಂದಲೂ ಸುರಕ್ಷತೆಯೇ ನಮ್ಮ ಹೆಮ್ಮೆ.

ನಾನು ಬಾಯಿ ಬಿಟ್ಟು ಕೇಳಿದೆ. "ಸಾರ್, ಜಾಲರಿ ಇನ್ನು ಹೀಗೇ ಇರುತ್ತಲ್ವಾ?"

"ಖಂಡಿತ, ಖಂಡಿತ" ಅಂದ. ಕರವಸ್ತ್ರ ಮೂಗಿಗೆ ಹೋಯಿತು.

ಅವರ ಕಾರು ಗೇಟು ದಾಟಿದ ಕಾಲು ಗಂಟೆಗೆ ಗಡಿಯಾರ ಫಿಟ್ಟರಣ್ಣನನ್ನು ಕರೆದು ಬಿಚ್ಚಿಸಿದ. ಯಂತ್ರದ ಅಂಗಡಿಯವರು ನೋಡಲಿಕ್ಕೆ ಅಂತ ಕಳಿಸಿದ್ದಂತೆ, ಸಂಜೆಯೊಳಗೆ ಮರಳಿಸಬೇಕಂತೆ. ಗೀರು ಬೀಳಬಾರದೆಂದು ಹಳೆಯ ಕಂಬಳಿಯಲ್ಲಿ ಸುತ್ತಿದರು. ನಮ್ಮ ಹುಡುಗಿ ಪತ್ರ ಹಿಡಿದುಕೊಂಡು ನೋಡುತ್ತ ನಿಂತಿದ್ದಳು. ಅಮ್ಮನಿಗೆ ಹೊದಿಸಿದ್ದ ಶಾಲನ್ನೂ ವಾಪಸ್ ಕೇಳಿದರು.

ಅವತ್ತು ನಾನು ಏನೂ ಮಾಡಲಿಲ್ಲ. ಅಮ್ಮನನ್ನು ಹಿಂದಿನ ಗೇಟಿನಿಂದ ಕರೆದುಕೊಂಡು ಹೋದೆ. ಅರವತ್ತೆಂಟು ವರ್ಷದ ಮುದುಕಿಯ ಮೈ ತಡವಿದರು. ತಡವಿಸಿಕೊಂಡೆವು. ಇಪ್ಪತ್ಮೂರು ವರ್ಷದ ಅಭ್ಯಾಸ ಒಂದೇ ದಿನದಲ್ಲಿ ಬಿಡುತ್ತದೆಯೇ?

ಸೋಮವಾರ ಮಗಳ ಮೊದಲ ದಿನ. ಅವಳನ್ನು ನಾಲ್ಕನೇ ಪ್ರೆಸ್ಸಿಗೆ, ನನ್ನನ್ನು ಖಾಲಿಯಿದ್ದ ಒಂಬತ್ತನೇದಕ್ಕೆ ಹಾಕಿದ್ದರು. ಮೋಟಾರು ಇನ್ನೂ ಹಾಕಿರಲಿಲ್ಲ. ಗಡಿಯಾರ ಬಿಸ್ಕತ್ತಿನ ಡಬ್ಬಿ ಹಿಡಿದು ಒಂದನೇ ಪ್ರೆಸ್ಸಿನಿಂದ ಶುರು ಮಾಡಿದ. ಒಂದು, ಎರಡು, ಮೂರು. ನಾಲ್ಕರ ಹತ್ತಿರ ನಿಂತ. ಒಂದು ಪಟ್ಟಿ ತೆಗೆದು ಮಗಳ ಕೈಗೆ ಕೊಟ್ಟ.

"ಎಡಗುಂಡಿಗೆ ಬಿಗಿಯಾಗಿ ಸುತ್ತು. ನಿಮ್ಮಮ್ಮನ್ನ ಕೇಳು, ಕಟ್ಟೋದು ಅವಳಿಗೆ ಚೆನ್ನಾಗಿ ಗೊತ್ತು."

ನಿಜ. ಗೊತ್ತು. ಇಪ್ಪತ್ಮೂರು ವರ್ಷ ನನ್ನ ಕೈಯಾರೆ ನಾನೇ ಕಟ್ಟಿದ್ದೆ. ಮೂರು ಸುತ್ತು, ಕೆಳಗಿಂದ ಗಂಟು. ಬೇರೆಯವರ ಗಂಟು ಸಡಿಲಾದರೆ ನಾನೇ ಹೋಗಿ ಬಿಗಿದು ಕೊಡುತ್ತಿದ್ದೆ. ಮಗಳು ಪಟ್ಟಿ ಹಿಡಿದು ನನ್ನ ಕಡೆ ತಿರುಗಿದಳು. ಹೇಗಮ್ಮ ಅನ್ನುವ ಹಾಗೆ.

ನಾನು ಒಂಬತ್ತರಿಂದ ಎದ್ದು ಬಂದೆ. ಅವಳ ಕೈಯಿಂದ ಪಟ್ಟಿ ತೆಗೆದುಕೊಂಡೆ. ಡಬ್ಬಿಗೆ ವಾಪಸ್ ಹಾಕಿದೆ.

"ಕಟ್ಟಲ್ಲ" ಅಂದೆ.

"ಏನು?"

"ಅವಳೂ ಕಟ್ಟಲ್ಲ. ನಾನೂ ಕಟ್ಟಲ್ಲ."

"ಕೆಲಸ ಬೇಡ್ವಾ?"

"ಬೇಕು. ಮಾಡ್ತೀವಿ. ಎರಡು ಕೈಯಲ್ಲಿ ಮಾಡ್ತೀವಿ." ಗೋಡೆಯ ಮೇಲೆ ಕಂಪನಿಯವರೇ ಬರೆಸಿದ ಹಲಗೆ ಇತ್ತು. ಬೆರಳು ತೋರಿಸಿ ಓದಿದೆ. "ಎರಡೂ ಗುಂಡಿಗಳನ್ನು ಎರಡೂ ಕೈಗಳಿಂದ ಒತ್ತಿರಿ. ನಿಮ್ಮ ಯಜಮಾನರೇ ಬರೆಸಿದ್ದಲ್ವಾ? ಅವರ ಮಾತು ಮೀರೋಕಾಗುತ್ತಾ?"

"ತಲೆ ನೆಟ್ಟಗಿದೆಯಾ ನಿಂಗೆ? ಐನೂರು ಬರಲ್ಲ ಹಾಗೆ ಮಾಡಿದ್ರೆ."

"ಬಂದಷ್ಟು ಬರಲಿ."

ಗಡಿಯಾರ ಸುತ್ತ ನೋಡಿದ. ನಾನು ಯಾರನ್ನೂ ಕೇಳಿರಲಿಲ್ಲ. ಯಾರ ಜೊತೆಗೂ ಮಾತಾಡಿರಲಿಲ್ಲ. ಮಗಳ ಸ್ಟೂಲು ಹಿಡಿದುಕೊಂಡು ನಿಂತೆ. ಮೂರನೇ ಪ್ರೆಸ್ಸಿನವಳು, ಅತ್ತೆಯ ಹೆಬ್ಬೆರಳಲ್ಲಿ ಬಂದವಳು, ಐದು ವರ್ಷದಲ್ಲಿ ಐದು ಮಾತಾಡದವಳು, ಆಗಲೇ ಸುತ್ತಿದ್ದ ಪಟ್ಟಿಯನ್ನು ಬಿಚ್ಚಿದಳು. ಎದ್ದು ಬಂದು ಡಬ್ಬಿಗೆ ಹಾಕಿದಳು. ಗಡಿಯಾರನ ಕೈಯಲ್ಲೇ ಇತ್ತು ಡಬ್ಬಿ.

"ಹಿಡ್ಕೊಳ್ಳಿ ಅಣ್ಣ, ಬಿದ್ದೀತು" ಎಂದು ಜೋರುಬಾಯಿ ಕೂಗಿದಳು. "ನಂದು ಹಾಕೇ ಇಲ್ಲ, ಇನ್ನು ಹಾಕೋದೂ ಇಲ್ಲ."

ಮಧ್ಯಾಹ್ನದ ಹೊತ್ತಿಗೆ ಇಪ್ಪತ್ತೆರಡು ಪ್ರೆಸ್ಸೂ ಎರಡು ಕೈಯಲ್ಲಿ ನಡೆಯುತ್ತಿದ್ದವು. ಮುಷ್ಕರ ಅಲ್ಲ. ಘೋಷಣೆ ಇಲ್ಲ. ಹೊತ್ತಿಗೆ ಸರಿಯಾಗಿ ಬಂದೆವು, ಹೊತ್ತಿಗೆ ಸರಿಯಾಗಿ ಹೋದೆವು, ಹಲಗೆಯ ಮೇಲೆ ಬರೆದ ಹಾಗೆ ಕೆಲಸ ಮಾಡಿದೆವು. ಕಂಪನಿಯವರಿಗೆ ಬೈಯಲು ಶಬ್ದವೇ ಸಿಗಲಿಲ್ಲ. ಚಿಕ್ಕವನು ಬಂದು ಕುಟುಂಬದ ಬಗ್ಗೆ ಭಾಷಣ ಮಾಡಿದ. ನಾವು ಎರಡು ಕೈಯಲ್ಲಿ ಗುಂಡಿ ಒತ್ತುತ್ತ ಕೇಳಿದೆವು. ನಡುವೆ ಧಡ್ ಧಡ್ ಶಬ್ದಕ್ಕೆ ಅವನ ಮಾತು ಅರ್ಧ ಕೇಳಲಿಲ್ಲ. ಉಳಿದರ್ಧ ಕೇಳಿದವರಿಗೂ ಏನೂ ತಿಳಿಯಲಿಲ್ಲ.

ಬೇರೆ ಹೆಂಗಸರನ್ನು ಹುಡುಕಿ ತಂದರು. ಹನ್ನೊಂದು ಜನ ಬಂದರು. ಫಿಟ್ಟರಣ್ಣ ಅವರಿಗೆ ಪ್ರೆಸ್ಸು ತೋರಿಸುವಾಗ, ಯಾವ ಪ್ರೆಸ್ಸಿನಲ್ಲಿ ಯಾರ ಯಾವ ಬೆರಳು ಹೋಗಿದೆ ಎಂಬುದನ್ನೂ ಒಂದೊಂದಾಗಿ ಹೇಳುತ್ತ ಹೋದ. ಮರುದಿನ ಇಬ್ಬರು ಬಂದರು. ಅದರ ಮರುದಿನ ಯಾರೂ ಇಲ್ಲ.

ಆ ತಿಂಗಳು ಬಣ್ಣದ ಕಂಪನಿಯವರಿಗೆ ದೊಡ್ಡ ಸರಕು ಹೋಗಬೇಕಿತ್ತು. ಅವರ ಡಬ್ಬಿಗಳು ಬಣ್ಣ ತುಂಬಿಕೊಂಡು ಬಾಯಿ ತೆರೆದು ಕಾಯುತ್ತಿದ್ದವಂತೆ. ಒಂಬತ್ತನೇ ದಿನ ನಡುವಿನವನು ನನ್ನನ್ನು ಆಫೀಸಿಗೆ ಕರೆಸಿದ.

ಆ ಗಾಜಿನ ಬಾಗಿಲೊಳಗೆ ನಾನು ಕಾಲಿಟ್ಟದ್ದು ಅದೇ ಮೊದಲು. ನೆಲದ ಮೇಲೆ ಮೆತ್ತನೆ ಜಮಖಾನೆ. ಅದರ ಮೇಲೆ ಆಫೀಸಿನವನು ರಟ್ಟಿನ ಪೆಟ್ಟಿಗೆಯೊಂದನ್ನು ಬಿಚ್ಚಿ ಹಾಸಿದ. "ಇದರ ಮೇಲೆ ನಿಂತ್ಕೊ. ಎಣ್ಣೆ ಕಾಲು." ನಿಂತೆ. ನಮ್ಮ ಮುಚ್ಚಳ ತುಂಬುವ ರಟ್ಟೇ ಅದು. ಮೇಜಿನ ಆ ಕಡೆ ನಡುವಿನವನು, ಪಕ್ಕದಲ್ಲಿ ಚಿಕ್ಕವನು. ಚಿಕ್ಕವನು ನನ್ನನ್ನು ನೋಡಲಿಲ್ಲ, ಮೀನು ನೋಡುತ್ತಿದ್ದ.

"ಏನಮ್ಮ ನಿನ್ನ ಬೇಡಿಕೆ?" ಅಂದ ನಡುವಿನವನು.

"ನಿಮ್ಮ ತಂದೆಯವರು ಜಾಲರಿ ಹಾಕಿಸ್ತೀನಿ ಅಂದಿದ್ರು."

"ಅವರು ಹೇಳಿದ್ದು ಒಂದು ಪ್ರೆಸ್ಸಿಗೆ. ಆಯ್ತು, ಒಂದಕ್ಕೆ ಹಾಕಿಸ್ತೀನಿ. ನಿನ್ನ ಮಗಳು ಕೂರೋದಕ್ಕೆ. ಸಾಕಲ್ಲ?"

ಸುಳ್ಳು ಹೇಳುವುದಿಲ್ಲ. ಒಂದು ಉಸಿರಿನ ಹೊತ್ತು ಸಾಕು ಅನ್ನಿಸಿತು. ನನಗೆ ಬೇಕಾದದ್ದು ಮಗಳ ಕೈ ತಾನೆ? ಆದರೆ ಮೂರನೇ ಪ್ರೆಸ್ಸಿನವಳು ಡಬ್ಬಿಗೆ ಪಟ್ಟಿ ಹಾಕಿದಾಗ ಅವಳಿಗೆ ಯಾವ ಮಗಳಿದ್ದಳು?

"ಇಪ್ಪತ್ತೆರಡಕ್ಕೂ" ಅಂದೆ.

"ಅಷ್ಟು ಕೊಬ್ಬಾ?"

"ಮೂವತ್ತೆರಡು ವರ್ಷ ತಡ ಮಾಡಿದ್ದೀರಿ. ಆ ಮಾತು ಮರಿ ಹಾಕಿದೆ."

ಅಪ್ಪ ಮಗ ಇಬ್ಬರೂ ಏನೋ ಗುಸುಗುಸು ಮಾಡಿಕೊಂಡರು. ನನ್ನ ಮುಂದೆಯೇ. ನನ್ನ ಕಿವಿ ಹೋಗಿದೆ ಅಂತ ಅವರಿಗೆ ಗೊತ್ತು, ಕಳೆದವರು ಅವರೇ ಅಲ್ಲವೇ. ಆಮೇಲೆ ನಡುವಿನವನು ಮುಂದಕ್ಕೆ ಬಾಗಿದ.

"ಹಾಕಿಸ್ತೀವಿ. ಎಲ್ಲದಕ್ಕೂ. ಆದರೆ ನೀನು ಕೆಲಸ ಬಿಡಬೇಕು. ನಿನ್ನಂಥವಳು ಶೆಡ್ಡಿನಲ್ಲಿದ್ದರೆ ನಾಳೆ ಇನ್ನೊಂದು ಕೇಳ್ತೀಯ."

"ನಾಳೆ ಅಲ್ಲ, ಇವತ್ತೇ ಕೇಳ್ತೀನಿ. ಮಗಳ ಕೆಲಸ?"

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಚಿಕ್ಕವನು ಮೊದಲ ಸಲ ಬಾಯಿಬಿಟ್ಟ. "ಅವಳನ್ನ ತೆಗೆಯೋಕಾಗಲ್ಲ ಅಪ್ಪಾ. ಪುಸ್ತಕ ಅಚ್ಚಿಗೆ ಹೋಗಿದೆ."

ನನಗೆ ನಗು ಬಂತು. ತಡೆದುಕೊಳ್ಳಲಿಲ್ಲ.

"ಹಾಗಾದ್ರೆ ಒಪ್ಪಿಗೆ ತಾನೆ?" ಅಂದ ನಡುವಿನವನು. "ರಾಜೀನಾಮೆಗೆ ಸಹಿ ಹಾಕಿ ಹೋಗು. ಜಾಲರಿ ಬರುತ್ತೆ. ನನ್ನ ಮಾತು."

"ನಿಮ್ಮ ಮನೆಯವರ ಮಾತಿನ ವಯಸ್ಸು ನಮಗೆ ಗೊತ್ತು ಸಾರ್" ಅಂದೆ. "ಮೊದಲು ಹಾಕಿ. ಇಪ್ಪತ್ತೆರಡನೇದರ ಕೊನೇ ಬೋಲ್ಟು ಬಿಗಿದ ಮೇಲೆ ಸಹಿ ಹಾಕ್ತೀನಿ. ಅಲ್ಲೀವರೆಗೂ ಎರಡು ಕೈಯಲ್ಲೇ ನಡೀಲಿ."

"ನಂಬಿಕೆ ಇಲ್ವಾ ನಮ್ಮ ಮೇಲೆ?" ಎಂದು ಕೇಳಿದ. ಎಂಥ ಮುಖ ಇಟ್ಟುಕೊಂಡು ಕೇಳಿದ ಅಂದರೆ, ನಿಜವಾಗಿಯೂ ಅವನಿಗೆ ನೋವಾಗಿತ್ತು.

ಹೋಗುವಾಗ ರಟ್ಟಿನಿಂದ ಕೆಳಗಿಳಿದು ಜಮಖಾನೆಯ ಮೇಲೆ ನಡೆದು ಹೋದೆ. ಬಾಗಿಲವರೆಗೂ ಹೆಜ್ಜೆ ಮೂಡಿತು.

ಮನೆಯಲ್ಲಿ ಹೇಳಿದಾಗ ಮಗಳು ಕೂಗಾಡಿದಳು. "ಯಾರು ಹೇಳಿದ್ರು ನಿಂಗೆ ಬಿಡು ಅಂತ? ನಾನು ಬಿಡ್ತಿದ್ದೆ! ನಂಗೆ ಇನ್ನೂ ವಯಸ್ಸಿದೆ, ಬೇರೆ ಎಲ್ಲಾದ್ರೂ ಸಿಗ್ತಿತ್ತು!" ಅಮ್ಮ ಮಂಚದ ಮೇಲಿಂದ ಅವಳನ್ನು ಸುಮ್ಮನಿರಿಸಿದಳು. "ನಿಮ್ಮಮ್ಮಂಗೆ ಬಾಯಿ ಬರೋಕೆ ನಲವತ್ತೊಂದು ವರ್ಷ ಬೇಕಾಯ್ತು. ಆಡಲಿ ಬಿಡು." ಆಮೇಲೆ ನನ್ನ ಕಡೆ ತಿರುಗಿ, "ಭುಜಕ್ಕೆ ಎಣ್ಣೆ ಹಚ್ಚಲಾ?" ಅಂದಳು. ಆ ಎರಡು ಬೆರಳಲ್ಲಿ ಎಷ್ಟು ಬಲ ಇದೆಯೆಂದರೆ 'ಅಬ್ಬಾ' ಅನ್ನಿಸುತ್ತದೆ.

ಜಾಲರಿಗಳು ಮೂರು ಕಂತಿನಲ್ಲಿ ಬಂದವು. ಹಳದಿ ಬಣ್ಣದವಲ್ಲ, ಬಣ್ಣವಿಲ್ಲದವು, ಅಗ್ಗದವು. ಇರಲಿ, ಬಾಗಿಲು ತೆರೆದಿದ್ದರೆ ಅಚ್ಚು ಬೀಳುವುದಿಲ್ಲ. ನಾನೇ ಒಂದೊಂದನ್ನೂ ಹತ್ತು ಹತ್ತು ಸಲ ಮರದ ತುಂಡು ಇಟ್ಟು ನೋಡಿದೆ. ಗಡಿಯಾರ ಪಕ್ಕದಲ್ಲಿ ನಿಂತು ಟೈಮು ನೋಡಿದ. ನೋಡಿಕೊಳ್ಳಲಿ. ಇಪ್ಪತ್ತೆರಡನೆಯದರ ಕೊನೆಯ ಬೋಲ್ಟು ಬಿಗಿದ ಫಿಟ್ಟರಣ್ಣ ಸ್ಪ್ಯಾನರು ನೆಲಕ್ಕಿಟ್ಟು, "ಆಯ್ತು ಕಣಮ್ಮ" ಅಂದ. ಗಡಿಯಾರ ಕಾಗದ ಚಾಚಿದ. ಸಹಿ ಹಾಕಿದೆ. ಗೇಟಿನಲ್ಲಿ ಮೈ ತಡವಲು ಬಂದವಳ ಕೈಯನ್ನು ಜೋರುಬಾಯಿ ಹಿಡಿದುಕೊಂಡಳು. ನಾನು ತಡವಿಸಿಕೊಳ್ಳದೆ ಹೊರಗೆ ಬಂದೆ.

ಈಗ ನಾನು ಎರಡು ಕಡೆ ನೆಲ ಒರೆಸುತ್ತೇನೆ, ಒಂದು ಕಡೆ ಪಾತ್ರೆ ತೊಳೆಯುತ್ತೇನೆ. ಮಗಳು ನಾಲ್ಕನೇ ಪ್ರೆಸ್ಸಿನಲ್ಲಿದ್ದಾಳೆ. ಅವಳ ಹತ್ತು ಬೆರಳೂ ಇವೆ.

ದೊಡ್ಡ ಯಜಮಾನರು ಕೊಟ್ಟ ಮಾತು ಮೂವತ್ತೆರಡು ವರ್ಷದ ಮೇಲೆ ನಡೆಯಿತು. ನಡೆಸಿದ್ದು ಅವರ ಮನೆಯವರಲ್ಲ.